ಸಿಗರೇಟು ಬಿಡೋಕೆ ರೀಫಿಲ್ ಪಾಡ್: ಬ್ರಿಟನ್ನಿನಲ್ಲಿರುವವರಿಗೆ ಆಯ್ಕೆಯಿಂದ ಬಳಕೆಯವರೆಗೆ

ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಇದು 18 ದಾಟಿದ, ಈಗಾಗಲೇ ಸಿಗರೇಟು ಸೇದುತ್ತಿರುವ, ಹೇಗಾದರೂ ಬಿಡಬೇಕು ಅಂದುಕೊಂಡಿರುವವರಿಗೆ ಬರೆದದ್ದು. ಸಿಗರೇಟಿನ ಅಭ್ಯಾಸವೇ ಇಲ್ಲದವರಿಗೆ ಇದರ ಅಗತ್ಯವಿಲ್ಲ. ಸುಮ್ನೆ ಒಂದು ಹೊಸ ಚಟ ಯಾಕೆ ಅಂಟಿಸಿಕೊಳ್ಳಬೇಕು? ಎರಡನೆಯದು, ಇಲ್ಲಿ ಹೇಳುವುದೆಲ್ಲ ಬ್ರಿಟನ್ನಿಗೆ ಸಂಬಂಧಪಟ್ಟಿದ್ದು. ಭಾರತದಲ್ಲಿ ಇ-ಸಿಗರೇಟಿಗೆ 2019ರಿಂದ ನಿಷೇಧವಿದೆ. ಊರಿಗೆ ಹೋಗುವಾಗ ಏನು ಮಾಡಬೇಕು ಅನ್ನುವುದನ್ನು ಕೊನೆಯಲ್ಲಿ ಬರೆದಿದ್ದೇನೆ, ಅದನ್ನು ಮಾತ್ರ ಬಿಡದೆ ಓದಿ.

2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್ (ಇ-ಸಿಗರೇಟು) ಮಾರುವಂತಿಲ್ಲ. ಈಗ ಅಂಗಡಿಯಲ್ಲಿ ಮಾರುವ ಸಾಧನವನ್ನು ಚಾರ್ಜ್ ಮಾಡಲು ಬರಬೇಕು, ದ್ರವ ತುಂಬಿಸಲು ಬರಬೇಕು, ದ್ರವ ಬಿಸಿಮಾಡುವ ಕಾಯಿಲ್ ಸುಟ್ಟುಹೋದರೆ ಬದಲಾಯಿಸಲೂ ಬರಬೇಕು. ಇದರಿಂದ ಒಳ್ಳೆಯದೇ ಆಯಿತು. ಆದರೆ ಹಳೆಯದರಲ್ಲಿ ಕವರ್ ಬಿಚ್ಚಿ ಎಳೆದರೆ ಮುಗಿಯುತ್ತಿತ್ತು. ರೀಫಿಲ್ ಪಾಡ್‌ನಲ್ಲಿ, ಅಂದರೆ ನಾವೇ ದ್ರವ ತುಂಬಿಸಿಕೊಳ್ಳುವ ಸಣ್ಣ ವೇಪ್‌ನಲ್ಲಿ, ನಾಲ್ಕು ವಿಷಯ ಗೊತ್ತಿರಬೇಕು. ಗೊತ್ತಿಲ್ಲದೆ ಶುರುಮಾಡಿದವರು ಮೊದಲ ವಾರದಲ್ಲೇ "ಇದೆಲ್ಲ ಆಗೋ ಕೆಲಸ ಅಲ್ಲ" ಅಂತ ಮತ್ತೆ ಸಿಗರೇಟು ಹಚ್ಚುತ್ತಾರೆ. ಹೆಚ್ಚಿನ ಸಲ ತಪ್ಪು ಸಾಧನದ್ದಲ್ಲ. ನಿಕೋಟಿನ್ ಕಡಿಮೆ ಇರುತ್ತದೆ, ಇಲ್ಲ ಎಳೆಯುವ ರೀತಿ ಸರಿಯಿರುವುದಿಲ್ಲ.

ಇದು ಕೆಲಸ ಮಾಡುತ್ತದಾ?

ಸಿಗರೇಟಿನಲ್ಲಿ ಜೀವ ತೆಗೆಯುವುದು ಮುಖ್ಯವಾಗಿ ಹೊಗೆ. ಎಲೆ ಸುಟ್ಟಾಗ ಬರುವ ಟಾರ್, ಕಾರ್ಬನ್ ಮೊನಾಕ್ಸೈಡ್ ಮತ್ತು ಇತರ ಸಾವಿರಾರು ರಾಸಾಯನಿಕಗಳು. ವೇಪ್‌ನಲ್ಲಿ ಏನೂ ಸುಡುವುದಿಲ್ಲ, ದ್ರವ ಬಿಸಿಯಾಗಿ ಆವಿಯಾಗುತ್ತದೆ, ಅಷ್ಟೇ. ಹಾಗಂತ ಅದು ಬರೀ ನೀರಿನ ಆವಿಯೂ ಅಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದು ಇಷ್ಟು: ಸಿಗರೇಟಿಗಿಂತ ಹಾನಿ ತುಂಬಾ ಕಡಿಮೆ, ಆದರೆ ಹಾನಿಯೇ ಇಲ್ಲ ಅನ್ನುವಂತಿಲ್ಲ, ಸೇದದವರು ಮುಟ್ಟಬಾರದು.

2019ರಲ್ಲಿ ಇಂಗ್ಲೆಂಡಿನ ಸ್ಟಾಪ್ ಸ್ಮೋಕಿಂಗ್ ಸರ್ವೀಸ್‌ಗಳಲ್ಲಿ (ಸಿಗರೇಟು ಬಿಡಲು ನೆರವಾಗುವ ಕೇಂದ್ರಗಳಲ್ಲಿ) ನಡೆದ ಒಂದು ಪ್ರಯೋಗದ ಫಲಿತಾಂಶ ಬಂತು. ಒಟ್ಟು 886 ಜನ. ಅರ್ಧ ಜನಕ್ಕೆ ನಿಕೋಟಿನ್ ಪ್ಯಾಚ್, ಗಮ್ ಇತ್ಯಾದಿ, ಇನ್ನರ್ಧ ಜನಕ್ಕೆ ದ್ರವ ತುಂಬಿಸಿ ಬಳಸುವ ಇ-ಸಿಗರೇಟು ಮತ್ತು ಮಿಲಿ ಲೀಟರಿಗೆ 18 ಮಿ.ಗ್ರಾಂ. ನಿಕೋಟಿನ್ ಇದ್ದ ದ್ರವ. ಒಂದು ವರ್ಷ ಕಳೆದ ಮೇಲೆ ಸಿಗರೇಟು ಬಿಟ್ಟೇ ಇದ್ದವರು ಪ್ಯಾಚ್ ಗುಂಪಿನಲ್ಲಿ 9.9%, ಇ-ಸಿಗರೇಟು ಗುಂಪಿನಲ್ಲಿ 18%. ಹತ್ತಿರ ಹತ್ತಿರ ಎರಡು ಪಟ್ಟು. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಹಾಗೆ ಸಿಗರೇಟು ಬಿಟ್ಟ ಇ-ಸಿಗರೇಟಿನವರಲ್ಲಿ 80% ಜನ ವರ್ಷದ ಕೊನೆಗೂ ವೇಪ್ ಎಳೆಯುತ್ತಲೇ ಇದ್ದರು. ನಿಕೋಟಿನ್ ಅಷ್ಟು ಸುಲಭಕ್ಕೆ ಕೈಬಿಡುವ ಪೈಕಿ ಅಲ್ಲ. ಇನ್ನೊಂದು ವಿಷಯ, ಎರಡೂ ಗುಂಪಿಗೆ ಕನಿಷ್ಠ ನಾಲ್ಕು ವಾರ ಸಲಹೆಗಾರರ ಜೊತೆ ಮಾತುಕತೆ ಇತ್ತು. ನೀವೂ ಸಾಧನದ ಜೊತೆಗೆ ಅದನ್ನೂ ಪಡೆಯಿರಿ, ಪುಕ್ಕಟೆ ಸಿಗುತ್ತದೆ. ಇಂಗ್ಲೆಂಡಿನ ಸಹಾಯವಾಣಿ 0300 123 1044. ಕೆಲವು ಕೌನ್ಸಿಲ್‌ಗಳು ಕಿಟ್ಟನ್ನೂ ಉಚಿತವಾಗಿ ಕೊಡುತ್ತವೆ, ಕೊಳ್ಳುವ ಮೊದಲು ಒಂದು ಮಾತು ಕೇಳಿ ನೋಡಿ.

ಗರ್ಭಿಣಿಯರು ಮೊದಲು ಮಿಡ್‌ವೈಫ್ ಹತ್ತಿರ ಮಾತಾಡಿ. ಕ್ಲೋಜಪಿನ್, ಒಲಾಂಜಪಿನ್, ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡುವ ವಿಷಯ ಜಿಪಿಗೆ (ನಿಮ್ಮ ಡಾಕ್ಟರಿಗೆ) ಹೇಳಲೇಬೇಕು. ಹೊಗೆ ನಿಂತ ಕೂಡಲೇ ಈ ಔಷಧಿ ರಕ್ತದಲ್ಲಿ ಏರುತ್ತದೆ, ಡೋಸ್ ಇಳಿಸಬೇಕಾಗಬಹುದು. ಗುಟ್ಕಾ, ಖೈನಿ ಹಾಕುವವರಿಗೆ ಈ ಬರಹದಿಂದ ಪ್ರಯೋಜನವಿಲ್ಲ. ನೀವೂ ಅದೇ ಸರ್ವೀಸಿನಲ್ಲಿ ಕೇಳಬಹುದು.

ಪಾಡ್ ಒಳಗೆ ಏನಿದೆ

ಕೆಳಗೆ ಬ್ಯಾಟರಿ, ಮೇಲೆ ಪಾಡ್. ಪಾಡ್ ಅಂದರೆ ಬಾಯಿಗಿಡುವ ತುದಿ ಇರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಬೆಳಕಿಗೆ ಹಿಡಿದು ನೋಡಿದರೆ ನಡುವೆ ಒಂದು ಲೋಹದ ಕೊಳವೆ ಕಾಣುತ್ತದೆ. ಅದರ ಬದಿಯಲ್ಲಿ ಸಣ್ಣ ತೂತುಗಳು, ತೂತಿನಲ್ಲಿ ಬಿಳಿ ಹತ್ತಿ. ಹತ್ತಿಯ ಒಳಗೆ ಜಾಲರಿಯಂಥ ತೆಳು ಲೋಹ, ಅದೇ ಕಾಯಿಲ್. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಈ ಹತ್ತಿ ದ್ರವ ಹೀರಿ ಕಾಯಿಲ್‌ಗೆ ಕೊಡುತ್ತದೆ. ನೀವು ಎಳೆದಾಗ ಕಾಯಿಲ್ ಬಿಸಿಯಾಗಿ ಆ ದ್ರವ ಆವಿಯಾಗುತ್ತದೆ. ಹತ್ತಿ ಒದ್ದೆ ಇರುವವರೆಗೆ ಎಲ್ಲ ಸರಿ, ಒಣಗಿದರೆ ಕರಕಲು. ಮುಂದೆ ಹೇಳುವ ಅರ್ಧ ಸಮಸ್ಯೆಗಳ ಬೇರು ಇಲ್ಲೇ ಇದೆ.

ಯಾವ ಸಾಧನ?

ಅಂಗಡಿಗೆ ಹೋದರೆ ಮೂರು ಥರ ತೋರಿಸುತ್ತಾರೆ. ಮೊದಲನೆಯದು ಕಂಪನಿಯೇ ದ್ರವ ತುಂಬಿ ಮುಚ್ಚಿದ ಪಾಡ್, ಮುಗಿದರೆ ಹೊಸದು ಹಾಕಿಕೊಳ್ಳುವುದು. ಸುಲಭ, ಆದರೆ ಖರ್ಚು ಜಾಸ್ತಿ, ರುಚಿ ಮತ್ತು ನಿಕೋಟಿನ್ ಪ್ರಮಾಣ ಅವರು ಕೊಟ್ಟಿದ್ದೇ. ಎರಡನೆಯದು ನಾವೇ ತುಂಬಿಸುವ, ಕಾಯಿಲ್ ಒಳಗೇ ಕೂತಿರುವ ಪಾಡ್. ಕಾಯಿಲ್ ಹಳತಾದರೆ ಇಡೀ ಪಾಡ್ ಬದಲಾಯಿಸುವುದು. ಮೂರನೆಯದರಲ್ಲಿ ಪಾಡ್ ಹಾಗೇ ಇಟ್ಟುಕೊಂಡು ಕಾಯಿಲ್ ಮಾತ್ರ ಕಿತ್ತು ಹೊಸದು ಚುಚ್ಚಬಹುದು.

ಹೊಸಬರಿಗೆ ನನ್ನ ಮಟ್ಟಿಗೆ ಎರಡನೆಯದೇ ಸರಿ. ಸೋರುವುದು ಕಡಿಮೆ, ಕೈ ಅಂಟಾಗುವುದಿಲ್ಲ, ತಪ್ಪು ಮಾಡಲು ಅವಕಾಶವೂ ಕಡಿಮೆ. ವೇಪೊರೆಸೊ ಎಕ್ಸ್‌ರಾಸ್, ಆಕ್ಸ್‌ವಾ ಎಕ್ಸ್‌ಲಿಮ್, ಯುವೆಲ್ ಕ್ಯಾಲಿಬರ್ನ್ ಎಲ್ಲ ಕಡೆ ಕಾಣುವ ಹೆಸರುಗಳು. ಇವುಗಳಲ್ಲಿ ಯಾವುದು ಮೇಲು ಅನ್ನುವ ಚರ್ಚೆಗೆ ನಾನಿಲ್ಲ. ನೋಡಬೇಕಾದ್ದು ಬೇರೆ: ಅದರ ಪಾಡ್ ನಿಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಯಾವಾಗಲೂ ಸಿಗುತ್ತದಾ? ಭಾನುವಾರ ಸಂಜೆ ಪಾಡ್ ಕೆಟ್ಟು, ಹೊಸದು ಎಲ್ಲೂ ಸಿಗದಿದ್ದರೆ ಕಾಲು ತಾನಾಗಿ ಪೆಟ್ರೋಲ್ ಬಂಕಿನ ಸಿಗರೇಟು ಕೌಂಟರ್ ಕಡೆ ನಡೆಯುತ್ತದೆ.

ಬ್ಯಾಟರಿ 800ರಿಂದ 1000 ಎಂಎಎಚ್ ಇದ್ದರೆ ಬಹುತೇಕರಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಸಾಕು. ಯುಎಸ್‌ಬಿ-ಸಿ ಇರಲಿ. ಬದಿಯಲ್ಲಿ ಗಾಳಿ ಹೆಚ್ಚು ಕಡಿಮೆ ಮಾಡುವ ಸಣ್ಣ ಜಾರುಗುಂಡಿ ಇದ್ದರೆ ಒಳ್ಳೆಯದು, ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬಣ್ಣದ ಪರದೆ, ಮಿನುಗುವ ದೀಪ, ಪಫ್ ಎಣಿಸುವ ಮೀಟರ್ ಇವೆಲ್ಲ ಬೆಲೆ ಏರಿಸಲು ಇರುವ ಸೊಗಸು.

ಕಾಯಿಲ್ ಆರಿಸುವುದೇ ಮುಖ್ಯ. ಪಾಡ್ ಮೇಲೆ 0.6, 0.8, 1.0, 1.2 ಹೀಗೆ ಓಮ್, ಅಂದರೆ ಕಾಯಿಲ್‌ನ ವಿದ್ಯುತ್ ಪ್ರತಿರೋಧ, ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಆವಿ ಕಡಿಮೆ, ಎಳೆತ ಬಿಗಿ, ದ್ರವದ ಖರ್ಚು ಕಡಿಮೆ. ಸಿಗರೇಟಿನಿಂದ ಬರುವವರಿಗೆ 0.8ರಿಂದ 1.2ರ ನಡುವೆ ಸರಿಹೋಗುತ್ತದೆ. ಸಿಗರೇಟಿನಲ್ಲಿ ನಾವು ಹೊಗೆಯನ್ನು ಮೊದಲು ಬಾಯಿಗೆ ತುಂಬಿಕೊಂಡು ಆಮೇಲೆ ಎದೆಗೆ ಎಳೆಯುತ್ತೇವೆ ಅಲ್ವಾ? ಬಿಗಿ ಎಳೆತದ ಕಾಯಿಲ್ ಅದೇ ಅನುಭವ ಕೊಡುತ್ತದೆ. 0.4, 0.6 ಕಾಯಿಲ್‌ಗಳು ನೇರ ಎದೆಗೆ ಎಳೆಯುವವರಿಗೆ. ಮೋಡದ ಹಾಗೆ ಆವಿ ಬಿಡುವುದು ನಿಮ್ಮ ಗುರಿಯಲ್ಲದಿದ್ದರೆ ಅದರ ಗೊಡವೆ ಬೇಡ. ಜೊತೆಗೆ, ಗಟ್ಟಿ ನಿಕೋಟಿನ್ ದ್ರವವನ್ನು ಕಡಿಮೆ ಓಮ್ ಕಾಯಿಲ್‌ಗೆ ಹಾಕಿದರೆ ಎರಡೇ ಎಳೆತಕ್ಕೆ ತಲೆ ಗಿರ್ರೆನ್ನುತ್ತದೆ.

ದ್ರವ: ಇಲ್ಲಿ ಜಿಪುಣತನ ಬೇಡ

ಇ-ಲಿಕ್ವಿಡ್‌ನಲ್ಲಿ, ಅಂದರೆ ಪಾಡ್‌ಗೆ ತುಂಬಿಸುವ ದ್ರವದಲ್ಲಿ, ಮುಖ್ಯವಾಗಿ ನಾಲ್ಕು ಪದಾರ್ಥ. ಪಿಜಿ (ಪ್ರೊಪಿಲೀನ್ ಗ್ಲೈಕಾಲ್), ವಿಜಿ (ವೆಜಿಟೇಬಲ್ ಗ್ಲಿಸರಿನ್), ನಿಕೋಟಿನ್, ರುಚಿ. ಪಿಜಿ ತೆಳು, ಗಂಟಲಿಗೆ ಸಿಗರೇಟಿನಂಥ ಒಂದು ಚುರುಕು ಕೊಡುತ್ತದೆ. ವಿಜಿ ಮಂದ, ಆವಿ ದಟ್ಟವಾಗುತ್ತದೆ. ಸಣ್ಣ ಪಾಡ್‌ಗೆ ಅರ್ಧ ಅರ್ಧ ಇರುವ 50/50 ಬಾಟಲಿಯೇ ಬೇಕು. 70% ವಿಜಿ ಇರುವ ದೊಡ್ಡ ಬಾಟಲಿ ಅಗ್ಗ ಅಂತ ತಂದರೆ ಆ ಮಂದ ದ್ರವ ಹತ್ತಿಗೆ ಇಳಿಯುವಷ್ಟರಲ್ಲಿ ಕಾಯಿಲ್ ಸುಟ್ಟಿರುತ್ತದೆ.

ನಿಕೋಟಿನ್‌ನಲ್ಲೂ ಎರಡು ಬಗೆ. ಸಾಮಾನ್ಯ ನಿಕೋಟಿನ್ ಪ್ರಮಾಣ ಏರಿದಂತೆ ಗಂಟಲು ಕೆರೆಯುತ್ತದೆ. ನಿಕ್ ಸಾಲ್ಟ್‌ನಲ್ಲಿ ಬೆಂಜೋಯಿಕ್ ಆಸಿಡ್‌ನಂಥ ಒಂದು ಆಮ್ಲ ಸೇರಿಸಿರುತ್ತಾರೆ, ಹಾಗಾಗಿ 20 ಮಿ.ಗ್ರಾಂ. ಇದ್ದರೂ ನಯವಾಗಿ ಇಳಿಯುತ್ತದೆ. ಪಾಡ್‌ಗೆ ಇದೇ ಹೊಂದುತ್ತದೆ. ಗಂಟಲಿಗೆ ಆ ಹೊಡೆತ ಬೇಕೇ ಬೇಕು ಅನ್ನುವ ಹಳೇ ಸಿಗರೇಟು ಕೈಗಳು ಸಾಮಾನ್ಯ ನಿಕೋಟಿನ್ ಪ್ರಯತ್ನಿಸಬಹುದು.

ಎಷ್ಟು ಪ್ರಮಾಣ? ಕಾನೂನಿನ ಮಿತಿ ಒಂದು ಮಿಲಿ ಲೀಟರಿಗೆ 20 ಮಿ.ಗ್ರಾಂ., ಕೆಲವರು ಅದನ್ನೇ 2% ಅಂತ ಬರೆಯುತ್ತಾರೆ. ದಿನಕ್ಕೆ ಒಂದು ಪ್ಯಾಕ್ ಹತ್ತಿರ ಸೇದುವವರು, ಅಥವಾ ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕು ಅನ್ನುವವರು 18 ಅಥವಾ 20ರಿಂದ ಶುರು ಮಾಡಿ. ದಿನಕ್ಕೆ ಹತ್ತರ ಆಸುಪಾಸಿನವರಿಗೆ 10 ಅಥವಾ 12. ಸಂಜೆಗೊಂದು, ಊಟಕ್ಕೊಂದು ಅನ್ನುವವರಿಗೆ 5 ಅಥವಾ 6 ಸಾಕಾಗಬಹುದು. ನಮ್ಮವರಲ್ಲಿ ಒಂದು ಅಭ್ಯಾಸ ಇದೆ, "ನಿಕೋಟಿನ್ ಕೆಟ್ಟದ್ದು, ಕಡಿಮೆಯದ್ದೇ ಕೊಡಿ" ಅಂತ 3 ಮಿ.ಗ್ರಾಂ. ತರುವುದು. ಆಮೇಲೆ ಇಡೀ ದಿನ ಬಾಯಿಂದ ತೆಗೆಯದೆ ಎಳೆಯುವುದು, ರಾತ್ರಿ ಊಟ ಆದಮೇಲೆ "ಒಂದೇ ಒಂದು" ಅಂತ ಸಿಗರೇಟು ಹಚ್ಚುವುದು. ಒಂದು ಕೈಯಲ್ಲಿ ವೇಪ್, ಇನ್ನೊಂದು ಕೈಯಲ್ಲಿ ಸಿಗರೇಟು ಅಂದರೆ ದುಡ್ಡೂ ಹೋಯಿತು, ಲಾಭವೂ ಇಲ್ಲ. ಮೊದಲು ಸಿಗರೇಟು ಪೂರ್ತಿ ನಿಲ್ಲಲಿ, ನಿಕೋಟಿನ್ ಇಳಿಸುವುದನ್ನು ಆಮೇಲೆ ನೋಡಿಕೊಳ್ಳೋಣ.

ಪ್ರಮಾಣ ಹೆಚ್ಚಾದರೆ ದೇಹ ತಾನೇ ಹೇಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಬಿಕ್ಕಳಿಕೆ. ಆಗ ಬದಿಗಿಟ್ಟು ನೀರು ಕುಡಿಯಿರಿ, ಮುಂದಿನ ಬಾಟಲಿ ಒಂದು ಮೆಟ್ಟಿಲು ಕೆಳಗಿನದು ತನ್ನಿ. ಕಡಿಮೆಯಾದರೆ ಸಿಗರೇಟಿನ ನೆನಪು ಬಿಡುವುದಿಲ್ಲ, ಎಳೆದಷ್ಟೂ ಸಾಲದು ಅನ್ನಿಸುತ್ತದೆ, ಸಣ್ಣ ಮಾತಿಗೂ ಸಿಡುಕು.

ರುಚಿ ನಿಮಗೆ ಬಿಟ್ಟಿದ್ದು. ತಂಬಾಕು ರುಚಿ ಅಂತ ಬರೆದಿದ್ದರೂ ಅದು ಸಿಗರೇಟಿನ ಹಾಗೇ ಇರುವುದಿಲ್ಲ, ಆ ನಿರೀಕ್ಷೆ ಬೇಡ. ಮೊದಲೆಲ್ಲ ಮೆಂಥಾಲ್ ಸಿಗರೇಟು ಸೇದುತ್ತಿದ್ದವರಿಗೆ ಒಂದು ಸಮಾಧಾನ: 2020ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಅದರ ಮಾರಾಟ ನಿಂತಿತು, ಆದರೆ ಮೆಂಥಾಲ್ ದ್ರವ ಸಿಗುತ್ತದೆ. ತುಂಬಾ ಸಿಹಿ ರುಚಿಗಳಲ್ಲಿ ಹೆಚ್ಚಾಗಿ ಸುಕ್ರಲೋಸ್ ಅನ್ನುವ ಕೃತಕ ಸಿಹಿ ಇರುತ್ತದೆ. ಅದು ಕಾಯಿಲ್ ಮೇಲೆ ಪಾಕದ ಹಾಗೆ ಅಂಟಿ ಕಪ್ಪಾಗುತ್ತದೆ, ಎರಡು ವಾರ ಬರಬೇಕಾದ ಪಾಡ್ ಐದಾರು ದಿನಕ್ಕೇ ಮುಗಿಯುತ್ತದೆ.

ಅಸಲಿಯೋ ನಕಲಿಯೋ

ಬ್ರಿಟನ್ನಿನಲ್ಲಿ ಪಾಡ್ ಅಥವಾ ಟ್ಯಾಂಕ್ 2 ಮಿಲಿ ಲೀಟರ್ ಮೀರುವಂತಿಲ್ಲ, ನಿಕೋಟಿನ್ ಇರುವ ಬಾಟಲಿ 10 ಮಿಲಿ ಲೀಟರ್ ಮೀರುವಂತಿಲ್ಲ. ಮುಚ್ಚಳ ಮಕ್ಕಳು ತೆಗೆಯಲಾರದಂತೆ ಇರಬೇಕು. ನಿಕೋಟಿನ್ ಚಟ ಹಿಡಿಸುತ್ತದೆ ಅನ್ನುವ ಎಚ್ಚರಿಕೆ ದೊಡ್ಡದಾಗಿ ಅಚ್ಚಾಗಿರಬೇಕು. ಮಾರಾಟಕ್ಕೆ ಬರುವ ಮೊದಲು ಔಷಧಗಳ ಮೇಲ್ವಿಚಾರಣೆ ಮಾಡುವ ಎಂಎಚ್‌ಆರ್‌ಎ ಸಂಸ್ಥೆಗೆ ವಿವರ ಕೊಟ್ಟಿರಬೇಕು. ಆ ಪಟ್ಟಿ ಆನ್‌ಲೈನ್‌ನಲ್ಲಿದೆ, ಅನುಮಾನ ಬಂದರೆ ಹುಡುಕಿ ನೋಡಬಹುದು. ಇವುಗಳಲ್ಲಿ ಒಂದು ತಪ್ಪಿದರೂ ಅಂಗಡಿಯವನು ಎಷ್ಟೇ ಪರಿಚಿತನಾಗಿರಲಿ, ಬೇಡ ಅನ್ನಿ.

50 ಮಿಲಿ ಲೀಟರ್ ದ್ರವದ ದೊಡ್ಡ ಬಾಟಲಿಗಳು ಕಾನೂನುಬಾಹಿರ ಅಲ್ಲ, ಅವುಗಳಲ್ಲಿ ನಿಕೋಟಿನ್ ಇರುವುದಿಲ್ಲ. ಅದಕ್ಕೆ 18 ಮಿ.ಗ್ರಾಂ.ನ 10 ಮಿಲಿ ಲೀಟರ್ ನಿಕೋಟಿನ್ ಬಾಟಲಿ ಬೆರೆಸಿದರೆ ಒಟ್ಟು 60 ಮಿಲಿ ಲೀಟರ್‌ನಲ್ಲಿ 3 ಮಿ.ಗ್ರಾಂ. ಬರುತ್ತದೆ. ಅದು ದೊಡ್ಡ ಯಂತ್ರಗಳಿಗೆ. ಸಿಗರೇಟು ಬಿಡುವ ಮೊದಲ ತಿಂಗಳಿಗೆ ಅಲ್ಲ.

ಇನ್ನು ಖರ್ಚು. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿಲಿ ಲೀಟರ್ ದ್ರವಕ್ಕೆ 2.20 ಪೌಂಡ್ ಸುಂಕ, ಅದರ ಮೇಲೆ ವ್ಯಾಟ್. ಸುಂಕ ಸೇರಿದರೂ ದಿನಕ್ಕೊಂದು ಪ್ಯಾಕ್ ಸೇದುವವರಿಗೆ ಸಿಗರೇಟಿನ ಮುಂದೆ ಇದು ಅಗ್ಗವೇ. ಬೆಲೆ ಏರಿತು ಅಂತ ಗುರುತಿಲ್ಲದವರಿಂದ, ಕಾರಿನ ಡಿಕ್ಕಿಯಿಂದ ಕೊಳ್ಳಲು ಹೋಗಬೇಡಿ.

ಪಾಡ್‌ಗೆ ಬೇರೆ ಏನನ್ನೂ ಹಾಕಬೇಡಿ. ಅಡುಗೆಯ ಎಸೆನ್ಸ್, ನೀಲಗಿರಿ ಎಣ್ಣೆ, ಅತ್ತರು, ಯಾವುದೂ ಬೇಡ. ಎಣ್ಣೆ ಆವಿಯಾಗಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದರಲ್ಲ, ಅಲ್ಲಿ ಮುಖ್ಯ ಕಾರಣ ಕಳ್ಳಮಾರುಕಟ್ಟೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ಪದಾರ್ಥ.

ಮೊದಲ ಸಲ ತುಂಬಿಸುವುದು

ಆತುರ ಬೇಡ. ಬ್ಯಾಟರಿ ಚಾರ್ಜಿಗೆ ಹಾಕಿ ಈ ಕೆಲಸಕ್ಕೆ ಕೂರಿ. ಪಕ್ಕದಲ್ಲಿ ಟಿಶ್ಯೂ ಇರಲಿ.

1. ಪಾಡನ್ನು ಸಾಧನದಿಂದ ಮೇಲಕ್ಕೆ ಎಳೆದು ತೆಗೆಯಿರಿ. ಹೊಸದಾದರೆ ಕೆಳಗೆ ಅಥವಾ ಬಾಯಿ ಕಡೆ ಅಂಟಿಸಿದ ಸ್ಟಿಕ್ಕರ್, ರಬ್ಬರ್ ಇದ್ದೇ ಇರುತ್ತದೆ. ಅದನ್ನು ತೆಗೆಯುವುದು ಮರೆತು "ಗಾಳಿಯೇ ಬರ್ತಿಲ್ಲ" ಅಂತ ಅಂಗಡಿಗೆ ವಾಪಸ್ ಹೋಗುವವರು ಕಡಿಮೆಯೇನಿಲ್ಲ.

2. ತುಂಬಿಸುವ ತೂತು ಹುಡುಕಿ. ಕೆಲವದರಲ್ಲಿ ಬದಿಯ ಸಿಲಿಕಾನ್ ಬಿರಡೆಯ ಹಿಂದೆ, ಕೆಲವದರಲ್ಲಿ ಬಾಯಿಯ ತುದಿ ತೆಗೆದರೆ ಕಾಣುತ್ತದೆ. ಬಿರಡೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಪೂರ್ತಿ ಕೀಳಬೇಡಿ.

3. ಬಾಟಲಿಯ ಮೂತಿ ತೂತಿಗೆ ಇಟ್ಟು, ಪಾಡನ್ನು ಸ್ವಲ್ಪ ಓರೆ ಹಿಡಿದು, ನಿಧಾನಕ್ಕೆ ಒತ್ತಿ. ಒಂದೇ ಸಲ ಜೋರಾಗಿ ಒತ್ತಿದರೆ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ದ್ರವವನ್ನು ನಡುವಿನ ಕೊಳವೆಗೆ ತಳ್ಳುತ್ತದೆ. ಮೇಲಿನ ಗೆರೆ ದಾಟಿಸಬೇಡಿ, ಒಂದು ಗಾಳಿಗುಳ್ಳೆ ಉಳಿಯಲಿ.

4. ಬಿರಡೆ ಗಟ್ಟಿಯಾಗಿ ಮುಚ್ಚಿ, ಸುತ್ತ ಒರೆಸಿ, ಪಾಡನ್ನು ನೆಟ್ಟಗೆ ನಿಲ್ಲಿಸಿ. ಹತ್ತು ನಿಮಿಷ ಮುಟ್ಟಬೇಡಿ. ಹತ್ತಿರದಿಂದ ನೋಡಿದರೆ ಕೊಳವೆಯ ತೂತಿನ ಬಿಳಿ ಹತ್ತಿ ನಿಧಾನಕ್ಕೆ ಪಾರದರ್ಶಕವಾಗುತ್ತದೆ, ಆ ತೂತಿನಿಂದ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೇಳುತ್ತವೆ. ದ್ರವ ಒಳಗೆ ಇಳಿಯುತ್ತಿದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ಪಾಡ್ ಸಿದ್ಧ.

5. ಪಾಡನ್ನು ಸಾಧನಕ್ಕೆ ಕೂರಿಸಿ. ಗುಂಡಿ ಇರುವ ಸಾಧನವಾದರೆ ಬೇಗ ಬೇಗ ಐದು ಸಲ ಒತ್ತಿದರೆ ಸಾಮಾನ್ಯವಾಗಿ ಆನ್ ಆಗುತ್ತದೆ, ಮತ್ತೆ ಐದು ಸಲ ಒತ್ತಿದರೆ ಆಫ್. ಗುಂಡಿ ಇಲ್ಲದ್ದು ಎಳೆದ ಕೂಡಲೇ ತಾನೇ ಕೆಲಸ ಶುರುಮಾಡುತ್ತದೆ. ವಾಟ್ ಬದಲಾಯಿಸಲು ಬರುವಂತಿದ್ದರೆ ಪಾಡ್ ಮೇಲೆ ಬರೆದ ಅಂಕಿಗಳಲ್ಲಿ ಅತಿ ಕಡಿಮೆಯದಕ್ಕೆ ಇಡಿ.

ಕೈಗೆ ದ್ರವ ತಾಗಿದರೆ ಸೋಪಿನಲ್ಲಿ ತೊಳೆಯಿರಿ, ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. 20 ಮಿ.ಗ್ರಾಂ.ನ ಒಂದು ಸಣ್ಣ ಬಾಟಲಿಯಲ್ಲಿ 200 ಮಿ.ಗ್ರಾಂ. ನಿಕೋಟಿನ್ ಇದೆ. ಮಾವಿನ ಹಣ್ಣಿನ ಚಿತ್ರ, ಘಮಘಮ ವಾಸನೆ, ಮಕ್ಕಳಿಗೆ ಶರಬತ್ತು ಅನ್ನಿಸದೆ ಇರುತ್ತದಾ? ಬಾಟಲಿ, ಪಾಡ್ ಎರಡೂ ಎತ್ತರದ ಕಪಾಟಿನಲ್ಲಿ, ಬೀಗ ಇದ್ದರೆ ಇನ್ನೂ ಒಳ್ಳೆಯದು. ಮಗು ಕುಡಿದಿದೆ ಅನ್ನುವ ಅನುಮಾನ ಬಂದರೆ ಕಾಯಬೇಡಿ, 999ಕ್ಕೆ ಫೋನ್ ಮಾಡಿ.

ಎಳೆಯುವ ರೀತಿ

ಸಿಗರೇಟು ಸೇದಿದವರು ಚುಟುಕಾಗಿ, ಜೋರಾಗಿ ಎಳೆಯುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಜೋರಾಗಿ ಎಳೆದರೆ ಆವಿಯ ಬದಲು ದ್ರವವೇ ಬಾಯಿಗೆ ಬರುತ್ತದೆ. ನಿಧಾನಕ್ಕೆ, ಮೂರು ನಾಲ್ಕು ಸೆಕೆಂಡ್, ಬಾಯಿಗೆ ತುಂಬಿಕೊಳ್ಳಿ. ಒಂದು ಕ್ಷಣ ಬಿಟ್ಟು ಎದೆಗೆ ಎಳೆಯಿರಿ. ಮುಂದಿನ ಎಳೆತಕ್ಕೆ ಅರ್ಧ ನಿಮಿಷವಾದರೂ ಬಿಡಿ, ಹತ್ತಿ ಮತ್ತೆ ಒದ್ದೆಯಾಗಬೇಕಲ್ಲ.

ಮೊದಲ ಎರಡು ದಿನ ಕೆಮ್ಮು ಬರುವುದು ಸಹಜ. ಗಾಳಿಯ ತೂತು ಸ್ವಲ್ಪ ದೊಡ್ಡದು ಮಾಡಿ, ಚಿಕ್ಕದಾಗಿ ಎಳೆಯಿರಿ. ಬಾಯಿ ಒಣಗುತ್ತದೆ, ನೀರು ಜಾಸ್ತಿ ಕುಡಿಯಿರಿ. ಇನ್ನೊಂದು ವಿಷಯ, ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿಗೆ ತಲೆಗೆ ಏರುತ್ತದೆ, ಪಾಡ್ ಅಷ್ಟು ಚುರುಕಲ್ಲ. ಹಾಗಾಗಿ ಆಸೆ ತಾರಕಕ್ಕೆ ಏರುವವರೆಗೆ ಕಾಯದೆ ಸ್ವಲ್ಪ ಮೊದಲೇ ನಾಲ್ಕೈದು ಎಳೆದು ಇಟ್ಟುಬಿಡಿ. ಕಾಫಿ ಲೋಟ ಕೈಗೆ ಬಂದ ಕೂಡಲೇ ಸಿಗರೇಟು ನೆನಪಾಗುವವರು ಕಾಫಿ ಸೋಸುವಾಗಲೇ ಎಳೆಯಬಹುದು. ಸಿಗರೇಟು ಕೊನೆ ತಲುಪಿದರೆ ಮುಗಿಯಿತು, ಪಾಡ್‌ಗೆ ಕೊನೆ ಅನ್ನುವುದೇ ಇಲ್ಲ. ಸೋಫಾದಲ್ಲಿ ಕೂತು ಸಿನಿಮಾ ನೋಡುತ್ತಾ ಅರ್ಧ ಪಾಡ್ ಖಾಲಿ ಮಾಡುವುದು ಹೀಗೇ. ಸಿಗರೇಟಿಗೆ ಹೊರಗೆ ಹೋಗುತ್ತಿದ್ದಿರಿ ಅಲ್ವಾ, ಇದಕ್ಕೂ ಹೊರಗೇ ಹೋಗಿ.

ಕೈಕೊಟ್ಟಾಗ

ಸುಟ್ಟ ರುಚಿ ಬಂದರೆ ತಕ್ಷಣ ನಿಲ್ಲಿಸಿ. ದ್ರವ ಕಾಲು ಭಾಗಕ್ಕಿಂತ ಕೆಳಗಿದೆಯಾ, ವಾಟ್ ಜಾಸ್ತಿ ಇದೆಯಾ, ಬಿಡುವು ಕೊಡದೆ ಎಳೆದಿರಾ ನೋಡಿ. ತುಂಬಿಸಿ ಹತ್ತು ನಿಮಿಷ ಬಿಟ್ಟ ಮೇಲೂ ಅದೇ ಕಮಟು ಇದ್ದರೆ ಹತ್ತಿ ಕರಕಲಾಗಿದೆ, ಆ ಪಾಡ್ ಕಥೆ ಮುಗಿಯಿತು. ಕರಕಲಾದ ಹತ್ತಿಯನ್ನು ತೊಳೆದು ಒಣಗಿಸಿ ಸರಿಮಾಡಲು ಆಗುವುದಿಲ್ಲ. ಸರಿಯಾಗಿ ಬಳಸಿದರೂ ಒಂದು ಪಾಡ್ ಒಂದರಿಂದ ಮೂರು ವಾರ ಬರುತ್ತದೆ, ಮನೆಯಲ್ಲಿ ಒಂದು ಹೆಚ್ಚುವರಿ ಇಟ್ಟಿರಿ.

ಗುಳುಗುಳು ಸದ್ದು ಬಂದರೆ ಕೊಳವೆಗೆ ದ್ರವ ಇಳಿದಿದೆ. ಪಾಡ್ ಬಿಚ್ಚಿ, ಬಾಯಿಯ ತುದಿಗೆ ಟಿಶ್ಯೂ ಸುತ್ತಿ, ತುದಿ ಕೆಳಗೆ ಮಾಡಿ ಎರಡು ಸಲ ಜಾಡಿಸಿ. ಸೋರಿಕೆಗೆ ಕಾರಣಗಳು ಹಲವು: ಬಿರಡೆ ಸರಿಯಾಗಿ ಕೂತಿಲ್ಲ, ಗೆರೆ ಮೀರಿ ತುಂಬಿಸಿದ್ದೀರಿ, ರಾತ್ರಿಯಿಡೀ ಮಲಗಿಸಿ ಇಟ್ಟಿದ್ದೀರಿ, ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟಿದ್ದೀರಿ. ಸಾಧನ ಪಾಡನ್ನು ಗುರುತಿಸದೆ ದೀಪ ಮಿನುಗಿಸುತ್ತಿದ್ದರೆ ಪಾಡಿನ ತಳದ ಲೋಹದ ಚುಕ್ಕೆಗಳನ್ನೂ ಸಾಧನದ ಒಳಗಿನ ಪಿನ್ನುಗಳನ್ನೂ ಒಣ ಟಿಶ್ಯೂನಿಂದ ಒರೆಸಿ. ಅಲ್ಲಿ ಆವಿ ತಣಿದು ಪಸೆ ನಿಂತಿರುತ್ತದೆ. ವಾರಕ್ಕೊಮ್ಮೆ ಹೀಗೆ ಒರೆಸುವುದು ಅಭ್ಯಾಸವಾದರೆ ಅರ್ಧ ತಕರಾರು ಬರುವುದೇ ಇಲ್ಲ.

ಚಾರ್ಜಿಗೆ ಜೊತೆಗೆ ಕೊಟ್ಟ ಕೇಬಲ್ ಬಳಸಿ, ಲ್ಯಾಪ್‌ಟಾಪಿನ ದೊಡ್ಡ ಚಾರ್ಜರ್ ಬೇಡ. ಹಾಸಿಗೆ, ದಿಂಬಿನ ಮೇಲೆ ಬೇಡ, ಹಾಕಿ ನಿದ್ದೆ ಹೋಗುವುದೂ ಬೇಡ. ಉಬ್ಬಿದ, ಬಿರುಕು ಬಿಟ್ಟ ಸಾಧನವನ್ನು ಮತ್ತೆ ಬಳಸಬೇಡಿ. ಹಳೆಯದನ್ನು ಮನೆ ಕಸಕ್ಕೆ ಎಸೆದರೆ ಕಸದ ಲಾರಿಯಲ್ಲಿ ಬ್ಯಾಟರಿ ಜಜ್ಜಿ ಬೆಂಕಿ ಹತ್ತುತ್ತದೆ. ವೇಪ್ ಮಾರುವ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು, ಅದು ಅವರ ಕರ್ತವ್ಯ. ಅಲ್ಲಿಗೇ ಕೊಟ್ಟುಬಿಡಿ.

ನಿಕೋಟಿನ್ ಇಳಿಸುವುದು

ಸಿಗರೇಟು ಪೂರ್ತಿ ನಿಂತು, ಅದರ ವಾಸನೆ ಬಂದರೂ ಮನಸ್ಸು ಕದಲದ ಹಂತಕ್ಕೆ ಬಂದ ಮೇಲೆ 20ರಿಂದ 10ಕ್ಕೆ, ಅಲ್ಲಿಂದ 5ಕ್ಕೆ, ಕೆಲವು ವಾರಗಳ ಅಂತರದಲ್ಲಿ ಇಳಿಯಿರಿ. ಇಳಿದ ಕೂಡಲೇ ದ್ರವದ ಖರ್ಚು ಎರಡು ಪಟ್ಟಾದರೆ ನೀವು ನಿಜಕ್ಕೂ ಇಳಿದಿಲ್ಲ, ಅಷ್ಟೇ ನಿಕೋಟಿನ್ ಜಾಸ್ತಿ ಎಳೆತದಲ್ಲಿ ತೆಗೆದುಕೊಳ್ಳುತ್ತಿದ್ದೀರಿ. ಆಗ ಪ್ರಮಾಣ ಹಾಗೇ ಇಟ್ಟು ಜಾಗ, ಹೊತ್ತು ಕಡಿಮೆ ಮಾಡಿ. ಕಾರಿನಲ್ಲಿ ಇಲ್ಲ, ಮಲಗುವ ಕೋಣೆಯಲ್ಲಿ ಇಲ್ಲ, ಹೀಗೆ. ಮತ್ತೆ ಸಿಗರೇಟಿನ ಕಡೆ ಎಳೆತ ಶುರುವಾದರೆ ಮುಜುಗರ ಇಲ್ಲದೆ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ.

ಊರಿಗೆ ಹೋಗುವಾಗ

ವಿಮಾನದಲ್ಲಿ ವೇಪ್ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಇಡುವಂತಿಲ್ಲ. ಒಳಗೆ ಎಳೆಯುವಂತಿಲ್ಲ, ಚಾರ್ಜ್ ಮಾಡುವಂತಿಲ್ಲ. ಇದು ಸ್ಪೇನ್, ಫ್ರಾನ್ಸಿಗೆ ಹೋಗುವವರಿಗೆ. ಬೆಂಗಳೂರಿಗೆ ಹೋಗುವವರು ಮನೆಯಲ್ಲೇ ಬಿಟ್ಟು ಹೋಗಿ.

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟು ಮಾರಾಟ ನಿಷೇಧಿಸಿತ್ತು. 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷದ ಕೊನೆಗೆ ಬಂದ ಕೇಂದ್ರ ಕಾಯ್ದೆ, ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ದೇಶದ ತುಂಬ ನಿಲ್ಲಿಸಿತು. ಆಮದು, ಸಾಗಣೆ, ಮಾರಾಟದಂಥ ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ದಾಸ್ತಾನಿಗೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಇಲ್ಲ ಎರಡೂ. "ನನ್ನ ಬಳಕೆಗೆ ಒಂದೇ ಒಂದು ತಂದಿದ್ದೇನೆ" ಅನ್ನುವ ವಾದವನ್ನು ಕಸ್ಟಮ್ಸ್ ಅಧಿಕಾರಿಯ ಮುಂದೆ ಮಾಡುವ ಆಸೆ ಯಾರಿಗೂ ಬೇಡ. ಮಧ್ಯೆ ಕತಾರ್‌ನಲ್ಲಿ ಇಳಿಯುವವರು, ರಜೆಗೆ ಸಿಂಗಾಪುರ, ಥಾಯ್ಲೆಂಡ್ ಅಂತ ಹೋಗುವವರು ಗಮನಿಸಿ, ಅಲ್ಲೂ ನಿಷೇಧ ಇದೆ.

ಹಾಗಾದರೆ ಊರಿನಲ್ಲಿರುವ ಎರಡು ಮೂರು ವಾರ ಏನು ಮಾಡುವುದು? ಹೊರಡುವ ಹದಿನೈದು ದಿನ ಮೊದಲೇ ಫಾರ್ಮಸಿಗೆ ಹೋಗಿ ನಿಕೋಟಿನ್ ಪ್ಯಾಚ್ ಮತ್ತು ಗಮ್ ಬಗ್ಗೆ ಕೇಳಿ. ಪ್ಯಾಚ್ ಇಡೀ ದಿನಕ್ಕೆ, ಗಮ್ ಆಸೆ ಕೆರಳಿದ ಹೊತ್ತಿಗೆ. ಎರಡನ್ನೂ ಜೊತೆಯಾಗಿ ಬಳಸಬಹುದು. ಗಮ್ಮನ್ನು ಚೂಯಿಂಗ್ ಗಮ್ ಥರ ಜಗಿಯುತ್ತಲೇ ಇರಬಾರದು. ನಾಲ್ಕೈದು ಸಲ ಅಗಿದು, ಖಾರ ಅನ್ನಿಸಿದ ಕೂಡಲೇ ದವಡೆಯ ಪಕ್ಕ ಒತ್ತಿ ಇಟ್ಟು, ಖಾರ ಇಳಿದ ಮೇಲೆ ಮತ್ತೆ ಅಗಿಯಿರಿ. ಗಮ್ ಖಾಲಿಯಾದರೆ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಮದುವೆ ಮನೆಯಲ್ಲಿ ಹಳೇ ಗೆಳೆಯರು ಪ್ಯಾಕ್ ಮುಂದೆ ಚಾಚಿ "ಬಾರೋ, ಒಂದು ಹಚ್ಚು" ಅಂದಾಗ ಬಾಯಲ್ಲಿ ಗಮ್ ಇದ್ದರೆ ಬೇಡ ಅನ್ನುವುದು ಸುಲಭ. ತೀರಾ ಕಷ್ಟವಾದರೆ ಭಾರತದ ತಂಬಾಕು ಕ್ವಿಟ್‌ಲೈನ್ 1800 11 2356, ಕರೆ ಉಚಿತ. ದಕ್ಷಿಣದ ಕರೆಗಳನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು.